ಒಡೆದು ನೋಡಿದರೇನೇ ವೆಲ್ಡಿಂಗ್ ಗೊತ್ತಾಗೋದು

ಹಗುರದ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಕೊಂಡು ಮನೆ ಹಿತ್ತಲಲ್ಲಿ ವೆಲ್ಡಿಂಗ್ ಕಲಿಯುವವರು ಮೊಬೈಲಿನಲ್ಲಿ ಬೀಡ್‌ನ (ವೆಲ್ಡಿಂಗ್ ಗೆರೆಯ) ಫೋಟೋ ತಂದು ಶಾಪಿನವರಿಗೆ ಕೇಳುವುದು ಒಂದೇ ಮಾತು: "ಅಣ್ಣಾ, ಹೆಂಗೆ ಬಂದೈತಿ?" ದಾವಣಗೆರೆ ಸುತ್ತಮುತ್ತ ಟ್ರ್ಯಾಕ್ಟರ್ ಟ್ರೇಲರ್, ಕಲ್ಟಿವೇಟರ್, ಮೆಕ್ಕೆಜೋಳದ ಮಷೀನ್ ರಿಪೇರಿ ಮಾಡುವ ಕೈಗೆ ಆ ಫೋಟೋ ಏನೂ ಹೇಳುವುದಿಲ್ಲ. 6013 ಅನ್ನುವ ಮಾಮೂಲಿ ವೆಲ್ಡಿಂಗ್ ರಾಡು ಸ್ವಭಾವತಃ ಚೆಂದ ಕಾಣುವ ರಾಡು. ಒಳಗೆ ಹಿಡಿಯದಿದ್ದರೂ ಮೇಲೆ ಮೀನಿನ ಹುರುಪೆಯ ಹಾಗೆ ಅಲೆ ಬಿಡುತ್ತದೆ.

ನಿಮ್ಮ ವೆಲ್ಡಿಂಗನ್ನು ವೃತ್ತಿಯವರದ್ದಕ್ಕೆ ಹೋಲಿಸಲೇಬೇಕಾದರೆ ಒಡೆದು ಹೋಲಿಸಿ. 6 ಎಂಎಂ ದಪ್ಪ, 50 ಎಂಎಂ ಅಗಲದ ಕಬ್ಬಿಣದ ಪಟ್ಟಿಯಲ್ಲಿ (ಫ್ಲ್ಯಾಟ್) 100 ಎಂಎಂ ಉದ್ದದ ಎರಡು ತುಂಡು ಕತ್ತರಿಸಿ. ಒಂದನ್ನು ಮಲಗಿಸಿ, ಇನ್ನೊಂದನ್ನು ಅದರ ನಡುವೆ ಉದ್ದಕ್ಕೆ ನಿಲ್ಲಿಸಿ. ಹಿಡಿದಿಡುವ ಚುಕ್ಕೆ ವೆಲ್ಡಿಂಗ್ (ಟ್ಯಾಕ್) ಎರಡೂ ಒಂದೇ ಬದಿಗಿರಲಿ, ಉದ್ದಕ್ಕೆ ಎಳೆಯುವ ರನ್ನೂ ಅದೇ ಬದಿಗೆ, ಒಂದೇ ಒಂದು. ನಡುವೆ ಬೇಕೆಂದೇ ನಿಲ್ಲಿಸಿ, ಮೇಲೆ ಗಟ್ಟಿಯಾದ ಕಿಟ್ಟ (ಸ್ಲ್ಯಾಗ್) ತೆಗೆದು, ಮತ್ತೆ ಶುರು ಮಾಡಿ. ತಪ್ಪು ಹೆಚ್ಚಾಗಿ ಅಡಗುವುದು ಆ ಜಾಗದಲ್ಲೇ. ತಣ್ಣಗಾದ ಮೇಲೆ ಮಲಗಿದ ಫ್ಲ್ಯಾಟನ್ನು ವೈಸ್‌ನಲ್ಲಿ ಬಿಗಿದು, ವೆಲ್ಡಿಂಗ್ ಇಲ್ಲದ ಕಡೆಯಿಂದ ನಿಂತ ಪಟ್ಟಿಗೆ ಸುತ್ತಿಗೆಯಲ್ಲಿ ಹೊಡೆದು ವೆಲ್ಡಿಂಗ್ ಮೇಲೆ ಬಗ್ಗಿಸಿ. ಆಗ ವೆಲ್ಡಿಂಗಿನ ಒಳಮೂಲೆ, ಅಂದರೆ ಬೇರು, ಬಾಯಿ ಬಿಡುತ್ತದೆ.

ಪಟ್ಟಿ ಮುರಿಯದೆ ಮಡಚಿಕೊಂಡರೆ ಸಂತೋಷ. ಮುರಿದರೆ ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಉದ್ದಕ್ಕೂ ಬೂದು ಬಣ್ಣದ ಸಣ್ಣ ಕಾಳು ಕಂಡರೆ ಕಬ್ಬಿಣ ಕಬ್ಬಿಣಕ್ಕೆ ಸೇರಿದೆ. ಮೂಲೆಯಲ್ಲಿ ಫ್ಲ್ಯಾಟಿನ ಹಳೆ ಅಂಚು ನೆಟ್ಟಗೆ ಗೆರೆಯಾಗಿ ಹಾಗೇ ಉಳಿದಿದ್ದರೆ ಆರ್ಕ್ (ರಾಡಿನ ತುದಿಯ ಕರೆಂಟಿನ ಜ್ವಾಲೆ) ಮೂಲೆಯನ್ನು ಮುಟ್ಟಿಲ್ಲ, ಎರಡು ಗೋಡೆಗೆ ಸೇತುವೆ ಕಟ್ಟಿದೆ ಅಷ್ಟೇ. ಗಾಜಿನ ಹಾಗೆ ಹೊಳೆಯುವ ಕಪ್ಪು ಚೂರು ಸ್ಲ್ಯಾಗ್. ಸೂಜಿ ಚುಚ್ಚಿದಂಥ ತೂತುಗಳಿಗೆ ಕಾರಣ ಹಸಿ ರಾಡು, ಬಣ್ಣ, ಎಣ್ಣೆ ಅಥವಾ ಉದ್ದ ಆರ್ಕ್.

ಸೇತುವೆ ಕಟ್ಟುವ ರೋಗಕ್ಕೆ ಮೊದಲ ಕಾರಣ ಕಡಿಮೆ ಕರೆಂಟ್. 3.15 ಎಂಎಂ ದಪ್ಪದ ರಾಡಿಗೆ (ಅಂಗಡಿಯಲ್ಲಿ 10 ನಂಬರ್ ಅನ್ನುವುದು) 90ರಿಂದ 130 ಆಂಪಿಯರ್ ವ್ಯಾಪ್ತಿ. ತೂತು ಬೀಳುತ್ತೆ ಅನ್ನುವ ಭಯಕ್ಕೆ ಹೊಸಬರು 90ಕ್ಕೇ ನಿಲ್ಲುತ್ತಾರೆ. 6 ಎಂಎಂ ಟಿ ಜಾಯಿಂಟಿಗೆ 115-120 ಬೇಕು. 2.5 ರಾಡಿಗೆ 60ರಿಂದ 90. ಎರಡನೆಯ ಕಾರಣ ಆರ್ಕ್ ಉದ್ದ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪಕ್ಕಿಂತ ಹೆಚ್ಚು ಅಂತರ ಇರಬಾರದು. ರಾಡು ಸವೆದಂತೆ ಕೈ ಕೆಳಗಿಳಿಯಬೇಕು. ಮೂರನೆಯದು ನಿಂತ ಜಾಯಿಂಟಿನಲ್ಲಿ ಮೇಲಿಂದ ಕೆಳಗೆ ಎಳೆಯುವ ಚಾಳಿ. ಕಿಟಕಿ ಗ್ರಿಲ್, ತೆಳು ಪೈಪಿಗೆ ಅದು ನಡೆಯುತ್ತದೆ, ನುಣ್ಣಗೂ ಬರುತ್ತದೆ. ಭಾರ ಹೊರುವ ಚಾನಲ್‌ನಲ್ಲಿ ಮಾಡಿದರೆ ಸ್ಲ್ಯಾಗ್ ರಾಡಿಗಿಂತ ಮುಂದೆ ಓಡಿ ಕೆಳಗೆ ಸಿಕ್ಕಿಬೀಳುತ್ತದೆ. ಅಲ್ಲಿ ಕರೆಂಟ್ ಸ್ವಲ್ಪ ಇಳಿಸಿ ಕೆಳಗಿಂದ ಮೇಲಕ್ಕೇ ಹೋಗಬೇಕು.

ಒಡೆದು ನೋಡಿದಾಗ ವೃತ್ತಿಯವರದ್ದೇ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಹವ್ಯಾಸಿಗೆ ಟೈಮ್ ಇದೆ. ತುಕ್ಕು ಗ್ರೈಂಡ್ ಮಾಡುತ್ತಾನೆ, ಸಂದಿ ಇಲ್ಲದಂತೆ ಕೂರಿಸುತ್ತಾನೆ. ಪೀಸ್ ಲೆಕ್ಕದ ಕೆಲಸದಲ್ಲಿ ಸಂದಿ ದೊಡ್ಡದಾದರೆ ಸುಟ್ಟ ರಾಡಿನ ಕಂಬಿ ತುಂಡು ತುರುಕಿ ಮೇಲೆ ಬೀಡ್ ಎಳೆಯುವುದು, ಗೇಟ್ ಚೆಂದ ಕಾಣಲೆಂದು ವೆಲ್ಡಿಂಗನ್ನೇ ಸಪಾಟಾಗಿ ಉಜ್ಜುವುದು, ಎರಡೂ ನಡೆಯುತ್ತವೆ. ಉಜ್ಜಿದಾಗ ಹೋಗುವುದು ಶಕ್ತಿಯೇ. ಫಿಲೆಟ್‌ನ (ಮೂಲೆ ತುಂಬುವ ತ್ರಿಕೋನದ ವೆಲ್ಡಿಂಗ್‌ನ) ಬಲ ಇರುವುದು ಬೇರಿನಿಂದ ಮುಖದವರೆಗಿನ ದಪ್ಪದಲ್ಲಿ, ಅಂದರೆ ಕಾಲಿನ (ಫ್ಲ್ಯಾಟಿಗೆ ಅಂಟಿದ ಬದಿಯ) ಅಳತೆಯ 0.7 ಪಾಲು. 6 ಎಂಎಂ ಕಾಲಿಗೆ ಸುಮಾರು 4.2 ಎಂಎಂ. ಹಾಗಂತ ಗುಡ್ಡೆ ಹಾಕುವುದೂ ದಂಡ. ಕಾಲನ್ನು 6ರಿಂದ 12 ಎಂಎಂ ಮಾಡಿದರೆ ಬಲ ಎರಡು ಪಟ್ಟು, ರಾಡಿನ ಖರ್ಚು ನಾಲ್ಕು ಪಟ್ಟು, ಜೊತೆಗೆ ಫ್ರೇಮ್ ಸೊಟ್ಟಗಾಗುತ್ತದೆ.

ಇನ್ನು ಮಷೀನ್. ಡಬ್ಬಿಯ ಮೇಲೆ 250 ಅಂತ ಬರೆದಿದ್ದರೆ ಅದು ಮಾಡೆಲ್ ಹೆಸರು, ಆಂಪಿಯರ್ ಅಂತ ನಂಬಬೇಡಿ. ಹಿಂದಿನ ಪ್ಲೇಟ್ ಓದಿ. 'ಎಕ್ಸ್' ಸಾಲಿನಲ್ಲಿ 60% ಇದ್ದು ಅದರ ಕೆಳಗೆ 200 ಇದ್ದರೆ, 40 ಡಿಗ್ರಿ ಬಿಸಿಯಲ್ಲಿ 10 ನಿಮಿಷಕ್ಕೆ 6 ನಿಮಿಷ 200 ಆಂಪಿಯರ್ ಎಳೆಯಬಹುದು, ಉಳಿದ 4 ನಿಮಿಷ ಬಿಡಬೇಕು. ಹವ್ಯಾಸಕ್ಕೆ 120 ಆಂಪಿಯರಿನಲ್ಲಿ 30% ಬಂದರೂ ಸಾಕು. ರಾಡು ಬದಲಿಸುವುದು, ಸ್ಲ್ಯಾಗ್ ಕೆರೆಯುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಆದರೆ 120 ಆಂಪಿಯರ್ ಆರ್ಕ್‌ಗೆ ಅಗ್ಗದ ಮಷೀನ್ ಗೋಡೆಯಿಂದ ಸುಮಾರು 20 ಆಂಪಿಯರ್ ಎಳೆಯುತ್ತದೆ. ಮನೆಯ 16 ಆಂಪಿಯರ್ ಪ್ಲಗ್ ಕರಗುವುದು ಇದಕ್ಕೇ. ಅದಕ್ಕೆ 1.5 ಸ್ಕ್ವೇರ್ ಎಂಎಂ ವೈರಿನ ಎಕ್ಸ್‌ಟೆನ್ಷನ್ ಹಾಕಿ, ಅದನ್ನೂ ಸುರುಳಿ ಬಿಚ್ಚದೆ ಇಟ್ಟರೆ ವೈರೂ ಕರಗುತ್ತದೆ. 4 ಸ್ಕ್ವೇರ್ ಎಂಎಂ ಹಾಕಿಸಿ, ಪೂರ್ತಿ ಬಿಚ್ಚಿ ಹರಡಿ.

ಶಾಪಿನ ಹಳೆ ಆಯಿಲ್ ಕೂಲಿಂಗ್ ಟ್ರಾನ್ಸ್‌ಫಾರ್ಮರ್ ಎರಡು ಫೇಸ್ ತಿನ್ನುತ್ತದೆ, ನಾಲ್ಕು ಜನ ಎತ್ತಬೇಕು, ಆದರೆ ಧೂಳಿಗೆ ಸಾಯುವುದಿಲ್ಲ. ಇನ್ವರ್ಟರ್ ಸಾಯುತ್ತದೆ. ಪಕ್ಕದಲ್ಲೇ ಗ್ರೈಂಡರ್ ಓಡಿಸಿದರೆ ಫ್ಯಾನು ಕಬ್ಬಿಣದ ಪುಡಿಯನ್ನು ಒಳಗೆ ಎಳೆದು ಬೋರ್ಡ್ ಮೇಲೆ ಕೂರಿಸುತ್ತದೆ, ಶಾರ್ಟ್ ಆಗುತ್ತದೆ. ಗ್ರೈಂಡಿಂಗ್ ದೂರ ಇರಲಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒಣ ಗಾಳಿ ಹೊಡೆಯಿರಿ.

ಮಷೀನ್ ಬದಲಿಸುವ ಮುಂಚೆ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲ್ಯಾಂಪ್ ಬದಲಿಸಿ. ಜೊತೆಗೆ ಬರುವ ತಗಡಿನ ಕ್ಲ್ಯಾಂಪನ್ನು ಬಣ್ಣದ ಮೇಲೆ ಕಚ್ಚಿಸಿದರೆ ಆರ್ಕ್ ತೊದಲುತ್ತದೆ, ದೂರು ಮಾತ್ರ ರಾಡಿನ ಮೇಲೆ. ಎರಡು ರಾಡು ಸುಟ್ಟ ಮೇಲೆ ಕ್ಲ್ಯಾಂಪ್, ಹೋಲ್ಡರ್, ಕೇಬಲ್ ತುದಿ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ನಿಮ್ಮ ಪವರ್ ಸೋರುತ್ತಿದೆ.

ಫೋಟೋದಲ್ಲಿ ಗ್ಯಾಸಿನ ಹೊದಿಕೆಯೊಳಗೆ ತಂತಿ ಕರಗಿಸುವ ಮಿಗ್ ವೆಲ್ಡಿಂಗ್ ನೋಡಿ ಆಸೆಪಡುವವರು ಗಾಳಿಯ ಲೆಕ್ಕ ಹಾಕಲಿ. ನಿಮಿಷಕ್ಕೆ 10-15 ಲೀಟರ್ ಗ್ಯಾಸ್ ಬಿಟ್ಟರೂ ಬಯಲಲ್ಲಿ ಬೀಸುಗಾಳಿ ಅದನ್ನು ಹೊತ್ತೊಯ್ದು ಬೀಡ್ ಸ್ಪಂಜಿನಂತಾಗುತ್ತದೆ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನು ನೆಟ್ಟಿರುವ ಚಿತ್ರದುರ್ಗದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಕೆಲಸಕ್ಕೆ ರಾಡೇ ಗತಿ.

ರಾಡಿನಲ್ಲಿ ಮಳೆಗಾಲದ ಪಾಠ ಬೇರೆ. ಹಸಿಯಾದ 6013ನ್ನು 100-110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿದರೆ ಸಾಕು. ಹೆಚ್ಚು ಬೇಯಿಸಿದರೆ ಲೇಪದಲ್ಲಿನ ಸೆಲ್ಯುಲೋಸ್ ಸುಟ್ಟು ಆರ್ಕ್ ಕೆಡುತ್ತದೆ. 7018 ಅನ್ನುವ ಇನ್ನೊಂದು ಬಗೆಯ ರಾಡಿಗೆ 300 ಡಿಗ್ರಿ ಮೇಲಿನ ಓವನ್ ಬೇಕು. ಒಣಗಿಸುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಕೊಳ್ಳುವುದರಲ್ಲಿ ಅರ್ಥ ಕಡಿಮೆ.

ಆ 7018 ಬೇಕೇ ಬೇಕಾಗುವುದು ಕಲ್ಟಿವೇಟರ್ ಹಲ್ಲಿನಂಥ ಗಟ್ಟಿ ಉಕ್ಕಿಗೆ. ತಣ್ಣನೆಯ ಹಲ್ಲಿಗೆ 6013 ಎಳೆದರೆ ಆ ಹೊತ್ತಿಗೆ ಕೂಡುತ್ತದೆ, ಮಾರನೇ ದಿನ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಮೊದಲು ಟಾರ್ಚಿನಲ್ಲೋ ಕುಲುಮೆಯಲ್ಲೋ 200 ಡಿಗ್ರಿ ದಾಟಿಸಿ; ಉಗುಳಿದ ನೀರಿನ ಹನಿ ಆವಿಯಾಗಿ ಹೋಗದೆ ಗೋಲಿಯಂತೆ ಉರುಳಾಡಿದರೆ ಬಿಸಿ ಸಾಕು. ಬಿಸಿ ಆರುವ ಮುಂಚೆ ರನ್ ಮುಗಿಸಿ, ಒಲೆಯ ಒಣ ಬೂದಿಯಲ್ಲಿ ಪೂರ್ತಿ ಹೂತು ಬೆಳಗಿನವರೆಗೆ ಬಿಡಿ. ನೀರಿಗೆ ಅದ್ದಬೇಡಿ, ಗಿರಾಕಿ ಎಷ್ಟೇ ಅವಸರ ಮಾಡಲಿ.