ಜೆ.ಸಿ. ರಸ್ತೆಯಲ್ಲಿ ಹುಡುಕಿದ ಬ್ರೇಕ್ ಪ್ಯಾಡು

ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿ ಒಂಬತ್ತು ವರ್ಷಗಳಾದವು. ರಜೆಯಲ್ಲಿ ರಾಜಾಜಿನಗರದ ಮನೆಗೆ ಬಂದಾಗ ಬಂಧುಗಳು ಕೇಳುವ ಪ್ರಶ್ನೆಗಳು ಅಲ್ಲಿನ ಚಳಿ, ಊಟ ಮತ್ತು ಸಂಬಳವನ್ನು ದಾಟುವುದು ಅಪರೂಪ. ಕಳೆದ ಡಿಸೆಂಬರಿನಲ್ಲಿ ಮಾತ್ರ ಅಕ್ಕನ ಮಗ ಕಾಫಿ ಲೋಟವನ್ನು ನನ್ನ ಕೈಗಿಡುತ್ತಲೇ, “ಮಾವ, ಚೆನ್ನೈ ಟ್ರ್ಯಾಕಿಗೆ ಕಾರು ತಗೊಂಡು ಹೋಗ್ತಿದ್ದೀನಿ. ಮೊದಲು ಏನು ಹಾಕಿಸ್ಲಿ, ಎಕ್ಸಾಸ್ಟಾ, ಏರ್ ಫಿಲ್ಟರಾ?” ಎಂದು ಕೇಳಿದ. ಅವನು ಹೋಗಬೇಕೆಂದಿದ್ದದ್ದು ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿರುವ 3.7 ಕಿ.ಮೀ. ಉದ್ದದ ಟ್ರ್ಯಾಕಿಗೆ. ರೇಸಿಗಾಗಿ ಅಲ್ಲ, ದುಡ್ಡು ಕಟ್ಟಿ ಸ್ವಂತ ಕಾರನ್ನು ಓಡಿಸಿ ಕಲಿಯುವ ಟ್ರ್ಯಾಕ್ ಡೇಗಾಗಿ.

ಎರಡೂ ಬೇಡ, ಬ್ರೇಕ್ ಆಯಿಲ್ ಬದಲಾಯಿಸು ಎಂದೆ. ಅವನ ಮುಖ ಸಪ್ಪಗಾಯಿತು. ಅದೇ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟುಕೊಂಡವನು.

ಕೊಲೋನಿನಿಂದ ದಕ್ಷಿಣಕ್ಕೆ, ಐಫೆಲ್ ಗುಡ್ಡಗಳ ನಡುವೆ, 1927ರಲ್ಲಿ ತೆರೆದ ನ್ಯೂರ್ಬರ್ಗ್‌ರಿಂಗ್ ಇದೆ. ಅದರ ನಾರ್ಡ್‌ಶ್ಲೈಫೆ ಎಂಬ ಸುತ್ತು 20.8 ಕಿ.ಮೀ. ಉದ್ದವಿದ್ದು, ಅದರ ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸವಿದೆ. ಗೊತ್ತುಪಡಿಸಿದ ದಿನಗಳಲ್ಲಿ ಒಂದು ಸುತ್ತಿಗೆ ಇಷ್ಟೆಂದು ದುಡ್ಡು ಕಟ್ಟಿದರೆ ನಮ್ಮ ನಿಮ್ಮಂಥವರೂ ಅಲ್ಲಿ ಕಾರು ಓಡಿಸಬಹುದು. ಆಗಲೂ ಅದು ಕಾನೂನಿನ ಪ್ರಕಾರ ರಸ್ತೆಯೇ, ಆದ್ದರಿಂದ ಎಡಗಡೆಯಿಂದ ಮಾತ್ರ ಮುಂದೆ ಹೋಗಬೇಕು, ಮತ್ತು ಬದಿಯ ಕಬ್ಬಿಣದ ತಡೆಬೇಲಿಗೆ ಗುದ್ದಿದರೆ ಅದರ ರಿಪೇರಿಯ ಬಿಲ್ಲು ಮನೆಗೆ ಬರುತ್ತದೆ. ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು ನಮ್ಮ ದೇಶದಲ್ಲಿ ಮಾರಾಟಕ್ಕೇ ಬಾರದ 1.6 ಲೀಟರಿನ ಸ್ವಿಫ್ಟ್ ಸ್ಪೋರ್ಟ್, 136 ಎಚ್‌ಪಿಯದು. ಕೈಯಲ್ಲಿದ್ದ ಮೊದಲ ದುಡ್ಡನ್ನೆಲ್ಲ ಎಕ್ಸಾಸ್ಟಿಗೆ ಸುರಿದೆ. ಮೂರನೆಯ ಸುತ್ತಿನಲ್ಲಿ, ವೇರ್‌ಸೈಫೆನ್ ತಿರುವಿನಿಂದ ಬ್ರೈಡ್‌ಶೈಡಿನ ಸೇತುವೆಯತ್ತ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತನೆಯ ದಿಂಬಿನಂತಾಗಿ ನೆಲ ಮುಟ್ಟಿತು. ಪಟಪಟನೆ ನಾಲ್ಕೈದು ಬಾರಿ ತುಳಿದು, ಗೇರ್ ಇಳಿಸಿ, ಹೇಗೋ ತಿರುವನ್ನು ದಾಟಿ, ಮಿಕ್ಕ ದಾರಿಯನ್ನು ಇಂಡಿಕೇಟರ್ ಹಾಕಿಕೊಂಡು ಬಲ ಅಂಚಿನಲ್ಲಿ ತೆವಳಿದೆ. ಕಾರಿನ ಬ್ರೇಕ್ ಆಯಿಲ್ ಯಾವಾಗ ಬದಲಾಗಿತ್ತೆಂದು ಹಿಂದಿನ ಮಾಲೀಕನನ್ನು ನಾನು ಕೇಳಿಯೇ ಇರಲಿಲ್ಲ.

ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಆದರೆ ನೀರು ಹೀರಿದ ದ್ರವಕ್ಕೆ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನು ಮಾತ್ರ. ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ, ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸೋಲುವುದು ಇದಕ್ಕಿಂತ ಬೇರೆ: ಅಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ, ನಂದಿ ಬೆಟ್ಟ ಇಳಿಯುವಾಗ ಮೂಗಿಗೆ ಬಡಿಯುವಂಥ ಸುಟ್ಟ ವಾಸನೆಯೂ ಬರುತ್ತದೆ. ಈ ಎರಡರ ವ್ಯತ್ಯಾಸವನ್ನು ಕಾಲು ಗುರುತಿಸಬೇಕು, ಏಕೆಂದರೆ ಮೊದಲನೆಯದಕ್ಕೆ ಎಷ್ಟು ದುಬಾರಿ ಪ್ಯಾಡ್ ಹಾಕಿಸಿದರೂ ಉಪಯೋಗವಿಲ್ಲ.

ಅಳಿಯನಿಗೆ ಇದು ಅತಿಯಾಯಿತೆನ್ನಿಸಿತು. ದಿನವೂ ಸಿಲ್ಕ್ ಬೋರ್ಡಿನಲ್ಲಿ ಇನ್ನೂರು ಸಲ ಬ್ರೇಕ್ ಒತ್ತುವ ತನ್ನ ಕಾರಿಗೆ ಟ್ರ್ಯಾಕ್ ಯಾವ ಲೆಕ್ಕ ಎಂದು ವಾದಿಸಿದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕವನ್ನೇ ಹಾಕಿ ತೋರಿಸಿದೆ. ನಮ್ಮನ್ನೂ ಸೇರಿಸಿ 1,100 ಕಿಲೋ ತೂಗುವ ಕಾರನ್ನು 40 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 68 ಕಿಲೋಜೂಲ್. ಅದೇ ಕಾರನ್ನು 160ರಿಂದ 60ಕ್ಕೆ ಇಳಿಸಿದರೆ 930 ಕಿಲೋಜೂಲ್. ಎರಡೂ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಸಲು ಬೇಕಾದ ಶಾಖವಿದು, ಅದೂ ಕೆಲವೇ ಸೆಕೆಂಡುಗಳಲ್ಲಿ, ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳಿಗೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಟ್ರಾಫಿಕ್ಕಿನಲ್ಲಿ ಬ್ರೇಕಿಗೆ ತಣಿಯಲು ಸಮಯ ಸಿಗುತ್ತದೆ, ಟ್ರ್ಯಾಕಿನಲ್ಲಿ ಸಿಗುವುದಿಲ್ಲ.

ಮರುದಿನ ಇಬ್ಬರೂ ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳು ಸಿಗುವ ಜೆ.ಸಿ. ರಸ್ತೆಗೆ ಹೋದೆವು. ಹತ್ತಾರು ಅಂಗಡಿಗಳಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಪ್ಯಾಡ್ ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿಯವರೆಗೆ ಕೆಲಸ ಮಾಡುತ್ತದೆ? ಒಬ್ಬರು ನಕ್ಕು, “ಡಿಗ್ರಿ ಎಲ್ಲ ಯಾರು ಸರ್ ನೋಡ್ತಾರೆ, ಬೆಂಕಿ ಥರ ಹಿಡಿಯುತ್ತೆ, ತಗೊಂಡು ಹೋಗಿ” ಎಂದರು. ಬೆಂಕಿಯೇ ನಮ್ಮ ಸಮಸ್ಯೆ ಎಂದು ಅವರಿಗೆ ವಿವರಿಸಲು ಹೋಗಲಿಲ್ಲ. ಇನ್ನೊಬ್ಬರು ಅಚ್ಚ ರೇಸಿನ ಪ್ಯಾಡುಗಳನ್ನೇ ತರಿಸಿಕೊಡುತ್ತೇನೆಂದರು. ಅಳಿಯನ ಕಣ್ಣು ಅರಳಿತು, ಬೇಡವೆಂದವನು ನಾನೇ. ಅಂಥ ಪ್ಯಾಡುಗಳು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ, ಕಿವಿ ತೂತಾಗುವಂತೆ ಕಿರುಚುತ್ತವೆ, ಡಿಸ್ಕನ್ನೂ ಬೇಗ ಸವೆಸುತ್ತವೆ. ಮುನ್ನೂರು ಕಿ.ಮೀ. ಆಚೆಗಿನ ಟ್ರ್ಯಾಕಿಗೆ ಅದೇ ಕಾರಿನಲ್ಲಿ ಹೋಗಿ ಅದೇ ಕಾರಿನಲ್ಲಿ ಮರಳುವವನಿಗೆ, ಬೆಳಗಿನ ಜಾವ ಐದು ಗಂಟೆಗೆ ನಾಯಿ ಅಡ್ಡ ಬಂದಾಗ ತಣ್ಣಗಿನ ಬ್ರೇಕೂ ಹಿಡಿಯಬೇಕು. ಜರ್ಮನಿಯಲ್ಲಿ ಈ ಆಯ್ಕೆ ಸುಲಭ, ಏಕೆಂದರೆ ರಸ್ತೆಗಿಳಿಯುವ ಕಾರಿನ ಪ್ಯಾಡಿಗೆ ಇಸಿಇ ಆರ್90 ಎಂಬ ಒಪ್ಪಿಗೆ ಇರಬೇಕೆಂಬ ನಿಯಮವೇ ನಮ್ಮ ಆಸೆಗಳನ್ನು ಮೊಟಕುಗೊಳಿಸುತ್ತದೆ. ಕೊನೆಗೆ ರಸ್ತೆಗೂ ಟ್ರ್ಯಾಕಿಗೂ ಹೊಂದುವ ಮಧ್ಯಮ ದರ್ಜೆಯ ಪ್ಯಾಡುಗಳನ್ನು ಮುಂದಿನ ಚಕ್ರಗಳಿಗೆ ಮಾತ್ರ ಕೊಂಡೆವು, ಅವನ ಸ್ವಿಫ್ಟಿನ ಹಿಂದೆ ಇರುವುದು ಹೇಗೂ ಇಂಥ ಪ್ಯಾಡಿಲ್ಲದ ಡ್ರಮ್ ಬ್ರೇಕು. ಹೊಸ ಪ್ಯಾಡನ್ನು ಹದಕ್ಕೆ ತರುವ ಬಗೆಯನ್ನೂ ಹೇಳಿಕೊಟ್ಟೆ: ಹಿಂದೆ ಮುಂದೆ ವಾಹನವಿಲ್ಲದ ಖಾಲಿ ರಸ್ತೆಯಲ್ಲಿ 80ರಿಂದ 30ಕ್ಕೆ ಎಂಟು ಹತ್ತು ಬಾರಿ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ಟ್ರ್ಯಾಕಿನಿಂದ ಬಂದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಬೇಕು.

ಟೈರಿನ ವಿಷಯದಲ್ಲಿ ಐಫೆಲ್‌ಗೂ ಚೆನ್ನೈಗೂ ಅಜಗಜಾಂತರ. ಅಲ್ಲಿ ಏಪ್ರಿಲಿನಲ್ಲೂ ಎಂಟು ಡಿಗ್ರಿ ಚಳಿ, ಸುತ್ತಿನ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಮಳೆ. ಮಿಶೆಲಿನ್ ಕಪ್ 2ರಂಥ ಟೈರು ಬಿಸಿಯಾದ ಒಣ ರಸ್ತೆಯನ್ನು ಅಂಟಿನಂತೆ ಹಿಡಿದರೂ, ಚಳಿಯಲ್ಲಿ ನಿಂತ ನೀರನ್ನು ಕಂಡರೆ ಕೈ ಬಿಡುತ್ತದೆ. ಟೈರಿನ ಬದಿಯಲ್ಲಿ ಟ್ರೆಡ್‌ವೇರ್ ಎಂಬ ಅಂಕಿ ಇದ್ದರೆ ನೋಡಬೇಕು. ಸಾಮಾನ್ಯ ಟೈರುಗಳದ್ದು 300ರಿಂದ 500, ಟ್ರ್ಯಾಕಿನ ಚಟದವರು ಇಷ್ಟಪಡುವವು 200 ಅಥವಾ ಅದಕ್ಕೂ ಕಡಿಮೆ. ಅಂಕಿ ಇಳಿದಂತೆ ಹಿಡಿತ ಹೆಚ್ಚು, ಆಯುಷ್ಯ ಕಡಿಮೆ ಎಂಬುದು ಸ್ಥೂಲವಾಗಿ ನಿಜ. ಮೊದಲ ಬಾರಿ ಹೋಗುವವನಿಗೆ ಇವು ಯಾವುವೂ ಬೇಡ ಎಂಬುದು ನನ್ನ ಹಟ. ಸಾಧಾರಣ ಟೈರು ಜಾರುವ ಮುನ್ನ ಕೀಚೆಂದು ಕೂಗಿ ಎಚ್ಚರಿಸುತ್ತದೆ, ಆ ಕೂಗನ್ನು ಕಲಿಯದೆ ಅಂಟು ಟೈರಿಗೆ ಹಾರಿದವನು ತಪ್ಪುಗಳನ್ನು ಹೆಚ್ಚಿನ ವೇಗದಲ್ಲಿ ಮಾಡುತ್ತಾನೆ.

ದುಡ್ಡು ಖರ್ಚಾಗದ ಸಂಗತಿ ಗಾಳಿ. ತಣ್ಣಗಿರುವಾಗ 29 ಪಿಎಸ್‌ಐ ಇದ್ದ ಟೈರಿನ ಒಳಗಿನ ಗಾಳಿ 20 ಡಿಗ್ರಿಯಿಂದ 70 ಡಿಗ್ರಿಗೆ ಏರಿದರೆ ಒತ್ತಡ 36ರ ಹತ್ತಿರ ಹೋಗುತ್ತದೆ. ಆದ್ದರಿಂದ ಪೆಟ್ರೋಲ್ ಬಂಕಿನಲ್ಲಿ ನೋಡಿದ ಅಂಕಿಯನ್ನು ನಂಬದೆ, ಟ್ರ್ಯಾಕಿನಿಂದ ಬಿಸಿಬಿಸಿಯಾಗಿ ಬಂದ ಟೈರನ್ನು ಅಳೆದು ಗಾಳಿ ಬಿಡಬೇಕು, ಹೆದ್ದಾರಿಗೆ ಮರಳುವ ಮುನ್ನ ಮತ್ತೆ ತುಂಬಿಸಬೇಕು. ಇದಕ್ಕಾಗಿ ಒಂದು ಒಳ್ಳೆಯ ಗೇಜ್ ಕೊಡಿಸಿದ್ದೇ ನನ್ನ ಕಡೆಯಿಂದ ಅವನಿಗೆ ಉಡುಗೊರೆ.

ಸಸ್ಪೆನ್ಷನ್ ಸೆಟಪ್ ಬಗ್ಗೆ ಅವನು ಎಷ್ಟೇ ಪೀಡಿಸಿದರೂ, ವ್ಹೀಲ್ ಅಲೈನ್‌ಮೆಂಟ್ ಸರಿಯಿದೆಯೇ ನೋಡಿಸು, ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡು ಎಂಬುದಕ್ಕಿಂತ ಹೆಚ್ಚು ಹೇಳಲಿಲ್ಲ. ತಿರುವಿನಲ್ಲಿ ಟೈರು ಎಷ್ಟು ಮಡಚಿಕೊಳ್ಳುತ್ತದೆಂದು ತಿಳಿಯಲು ಅದರ ಅಂಚಿಗೆ ಸೀಮೆಸುಣ್ಣ ಹಚ್ಚಿ ಓಡಿಸು, ಸುಣ್ಣ ಎಲ್ಲಿಯವರೆಗೆ ಅಳಿಸಿದೆ ಎಂಬುದರ ಫೋಟೋ ಕಳಿಸು ಎಂದಷ್ಟೇ ಕೇಳಿದೆ. ಇನ್ಶೂರೆನ್ಸ್ ಕಾಗದವನ್ನೂ ಓದಿಸಿದೆ. ರೇಸಿಗೂ ವೇಗ ಪರೀಕ್ಷೆಗೂ ಪಾಲಿಸಿ ಅನ್ವಯವಾಗದೆಂಬ ಸಾಲು ಅದರಲ್ಲೇ ಇತ್ತು. ಅಕ್ಕನಿಗೆ ಮಾತ್ರ ಆ ಸಾಲನ್ನು ಅವನು ತೋರಿಸಲಿಲ್ಲ.

ಫೆಬ್ರವರಿಯಲ್ಲಿ ನಾನು ಕೊಲೋನಿನ ಆಫೀಸಿನಲ್ಲಿದ್ದಾಗ ಫೋಟೋ ಬಂತು. ಎಡ ಮುಂದಿನ ಟೈರಿನ ಸುಣ್ಣ, ಅಂಚು ದಾಟಿ ಬದಿಯ ಪುಟ್ಟ ತ್ರಿಕೋನದ ಗುರುತಿಗಿಂತಲೂ ಕೆಳಗಿನವರೆಗೆ ಅಳಿಸಿಹೋಗಿತ್ತು. ಬಿಸಿ ಟೈರಿನ ಗಾಳಿ 38. ಪೆಡಲ್ ಕೊನೆಯವರೆಗೂ ಗಟ್ಟಿಯಾಗಿತ್ತಂತೆ. “ಮಾವ, ಈಗ ಕ್ಯಾಂಬರ್ ಕೊಡಿಸ್ಲಾ?” ಎಂದು ಬರೆದಿದ್ದ. ಕ್ಯಾಂಬರ್ ಎಂದರೆ ಚಕ್ರದ ಮೇಲ್ತುದಿಯನ್ನು ತುಸು ಒಳಕ್ಕೆ ವಾಲಿಸುವುದು. ಟೈರು ಅಷ್ಟು ಮಡಚಿಕೊಂಡಿದ್ದರೆ ಕಾರಣ ಕ್ಯಾಂಬರ್ ಕಡಿಮೆಯಿರುವುದೂ ಆಗಿರಬಹುದು, ಬ್ರೇಕ್ ಮುಗಿಸದೆ ತಿರುವಿಗೆ ನುಗ್ಗಿ ಸ್ಟೀರಿಂಗನ್ನು ಅತಿಯಾಗಿ ತಿರುಗಿಸಿದ್ದೂ ಆಗಿರಬಹುದು. ವಿಡಿಯೋ ಇದ್ದರೆ ಮೊದಲು ಅದನ್ನು ಕಳಿಸು ಎಂದು ಉತ್ತರಿಸಿದೆ. ಇನ್ನೂ ಕಳಿಸಿಲ್ಲ.