ಚಿತ್ತೆ ಮುಗಿದ ಮೇಲೆ ದುರ್ಗ

"ಚಿತ್ತೆ ಮುಗೀಲಿ ಮಗಾ, ಆಮೇಲೆ ಹೋಗಾಣ" ಅಂದಳು ಅವ್ವ. ಚಿತ್ರದುರ್ಗದ ಕೋಟೆಗೆ ಹೋಗಲು ನಾನು ಅಕ್ಟೋಬರ್ ಎರಡನೇ ಶನಿವಾರ ಅಂತ ಗೊತ್ತು ಮಾಡಿಕೊಂಡಿದ್ದೆ. ಆದರೆ ಕುರುಡು ಚಿತ್ತೆ ಎರಚಿದತ್ತ ಬೆಳೆ ಎನ್ನುತ್ತಾರಲ್ಲ, ಆ ಮಳೆ ಯಾವ ಊರ ಮೇಲೆ ಯಾವಾಗ ಸುರಿಯುತ್ತದೋ ಹೇಳಲು ಬರುವುದಿಲ್ಲ. ಅವ್ವನ ಮಾತಿಗೆ ಒಪ್ಪಿದೆ. ಒಪ್ಪಲು ಇನ್ನೊಂದು ಕಾರಣವೂ ಇತ್ತು. ಹೋದ ಸಲ ದಿನ ಆರಿಸಿದ್ದು ನಾನೇ.

ಅದು ಮೇ ತಿಂಗಳು. ಅಕ್ಕನ ಮಗನಿಗೆ ಬೇಸಿಗೆ ರಜೆ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್ ಅಷ್ಟೇ ಅಂತ ಆರಾಮಾಗಿ ತಿಂಡಿ ತಿಂದು ಹೊರಟೆವು. ಕೋಟೆ ಬಾಗಿಲು ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ದುರ್ಗದ ಕೋಟೆ ಅಂದರೆ ಬಂಡೆಗಳ ರಾಶಿ. ಕೆಳಗೆ ಹಾಸುಗಲ್ಲು, ಪಕ್ಕದಲ್ಲಿ ಕಲ್ಲಿನ ಗೋಡೆ, ಮೇಲೆ ಬಿಸಿಲು. ಏಕನಾಥೇಶ್ವರಿ ಗುಡಿಯ ಮುಂದೆ ಚಪ್ಪಲಿ ಬಿಟ್ಟರೆ ನೆಲ ಕಾದ ಹೆಂಚು. ಅವ್ವನಿಗೆ ತಲೆ ಸುತ್ತು ಬಂತು. ನೆರಳಲ್ಲಿ ಕೂರಿಸಿ, ನೀರು ಕುಡಿಸಿ, ಅಲ್ಲಿಂದಲೇ ಕೆಳಗೆ ಇಳಿಸಿಕೊಂಡು ಬಂದೆ. ಆವತ್ತು ಎಷ್ಟು ಹೆದರಿದ್ದೆ ಎಂದು ಅವ್ವನಿಗೆ ಇನ್ನೂ ಹೇಳಿಲ್ಲ.

ಹಾಗಾಗಿ ಈ ಸಲ ನವೆಂಬರ್ ಮೊದಲ ವಾರ. ಹಿಂದಿನ ರಾತ್ರಿ ಸ್ವಾತಿ ಮಳೆ ಚೆನ್ನಾಗಿ ಬಂದಿತ್ತು. ಬೆಳಗಿನ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದೆವು. ಚೀಲದಲ್ಲಿ ಒಗ್ಗರಣೆ ಮಂಡಕ್ಕಿ ಇತ್ತು, ಅದನ್ನು ಕೋಟೆಗೆ ಹೋಗುವ ಮೊದಲೇ ಮುಗಿಸಿದೆವು. ಮೇಲೆ ಕೋತಿಗಳ ಕಾಟ ಜಾಸ್ತಿ.

ಎಂಟು ಗಂಟೆಗೆ ಒಳಗಿದ್ದೆವು. ಬಂಡೆಗಳು ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿದ್ದವು. ಸಂದಿ ಸಂದಿಯಲ್ಲೂ ಹುಲ್ಲು. ಮೇ ತಿಂಗಳಲ್ಲಿ ನಾನು ನೋಡಿದ್ದು ಇದೇ ಕೋಟೆನಾ ಅನ್ನಿಸಿತು. ಮುಖ್ಯವಾಗಿ ಎಲ್ಲೆಲ್ಲೂ ನೀರಿನ ಸದ್ದು. ಬಂಡೆಯ ಮೇಲಿಂದ ಸಣ್ಣಗೆ ಇಳಿದು, ಕಲ್ಲಿನ ಕಾಲುವೆ ಸೇರಿ, ಕೆಳಗೆ ಹರಿಯುತ್ತಿತ್ತು.

ಈ ನೀರಿನ ದಾರಿ ನೋಡಬೇಕೆಂದೇ ನಾನು ಮಳೆಯ ಮರುದಿನ ಬಂದದ್ದು. ಮುಂಗಾರು ಮಳೆ ಪಶ್ಚಿಮ ಘಟ್ಟದಲ್ಲೇ ಸುರಿದು ಮುಗಿಯುತ್ತದೆ. ದುರ್ಗಕ್ಕೆ ಬರುವಾಗ ಬರೀ ಗಾಳಿ, ಮೋಡ, ತುಂತುರು. ಇಲ್ಲಿ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ. ಈ ಸೀಮೆಯಲ್ಲಿ ನೀರು ಎಷ್ಟು ಅಪರೂಪ ಗೊತ್ತಾ? ಹಿರಿಯೂರಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಇಂಥ ಕಡೆ ದುರ್ಗ ಆಳಿದ ನಾಯಕರು ಬೆಟ್ಟದ ಮೇಲೆ ಬಿದ್ದ ಹನಿಯನ್ನೂ ಬಿಡದೆ ಹಿಡಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಯಾವ ಪಂಪೂ ಇಲ್ಲ, ಬೆಟ್ಟದ ಇಳಿಜಾರೇ ಸಾಕು.

ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಅವ್ವ ತುಂಬಾ ಹೊತ್ತು ಕೂತಳು. ಎದುರಿನ ಬಂಡೆಗಳ ನೆರಳು ನೀರಿನಲ್ಲಿ ಅಲುಗದೆ ನಿಂತಿತ್ತು. ಅಕ್ಕ ತಂಗಿ ಹೊಂಡದ ಹತ್ತಿರ ಮಾತ್ರ ಅವಳು ಕೂರಲಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿದಾಗ ಮದಕರಿ ನಾಯಕನ ಇಬ್ಬರು ಮಡದಿಯರು ಅದಕ್ಕೆ ಹಾರಿದರು ಅಂತ ಹೇಳುತ್ತಾರೆ. ಕೈಮುಗಿದು ಮುಂದೆ ನಡೆದಳು.

ಓಬವ್ವನ ಕಿಂಡಿಯ ಹತ್ತಿರ ಮೆಟ್ಟಿಲು ಜಾರುತ್ತಿತ್ತು. ಹುಡುಗನ ಕೈ ಬಿಡಲಿಲ್ಲ ನಾನು. ಗಂಡ ಊಟಕ್ಕೆ ಕೂತಾಗ ಅವಳು ನೀರು ತರಲು ಬಂದದ್ದು ಇಲ್ಲೇ ಪಕ್ಕದ ತಣ್ಣೀರು ದೋಣಿಗೆ. ಒನಕೆ ಕತೆ ಎಲ್ಲರಿಗೂ ಗೊತ್ತು, ಕೊಡದ ಕತೆ ಮರೆತುಬಿಡುತ್ತೇವೆ ಅಲ್ವಾ? ಹುಡುಗ ಆ ನೀರಿಗೆ ಕೈ ಅದ್ದಿ, "ಫ್ರಿಜ್ ನೀರಿನ ಹಂಗೈತೆ" ಅಂದ.

ತುಪ್ಪದ ಕೊಳದ ಬತ್ತೇರಿಗೆ, ಅಂದರೆ ಅಲ್ಲಿನ ಬುರುಜಿಗೆ, ಹತ್ತಲಿಲ್ಲ. ಅಲ್ಲಿ ಮೆಟ್ಟಿಲಿಲ್ಲ, ಬಂಡೆಯಲ್ಲಿ ಕಾಲಿಡಲು ಕೊರೆದ ಕಚ್ಚುಗಳಷ್ಟೇ. ಮಳೆ ಬಿದ್ದ ಮರುದಿನ ಅದರ ತಂಟೆಗೆ ಯಾರೂ ಹೋಗಬೇಡಿ. ಅದನ್ನು ನೋಡಲೇಬೇಕು ಎನ್ನುವವರು ಡಿಸೆಂಬರ್, ಜನವರಿಯಲ್ಲಿ ಬನ್ನಿ. ಬಂಡೆ ಒಣಗಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಹೊಂಡ ಮಾತ್ರ ಇಷ್ಟು ತುಂಬಿರುವುದಿಲ್ಲ.

ಈ ಕಾಲದ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜೊತೆ ಬರುತ್ತದೆ. ಬಯಲು ಬಂಡೆಯ ಮೇಲೆ ಆಗ ಇರಬಾರದು. ಅದಕ್ಕೇ ಹನ್ನೆರಡಕ್ಕೆ ಇಳಿದುಬಿಟ್ಟೆವು. ಕೆಳಗೆ ಬುಟ್ಟಿಯಲ್ಲಿ ಸೀತಾಫಲ ಮಾರುತ್ತಿದ್ದ ಅಜ್ಜಿಯ ಹತ್ತಿರ ಆರು ಹಣ್ಣು ಕೊಂಡೆವು.

ಊಟ ಆದ ಮೇಲೆ ಚಂದ್ರವಳ್ಳಿಗೆ ಆಟೋ. ಅಂಕಲಿ ಮಠದ ಗುಹೆಯ ಕತ್ತಲೆ ಹುಡುಗನಿಗೆ ಇಷ್ಟವಾಯಿತು. ನನಗೆ ನೋಡಬೇಕಿದ್ದದ್ದು ಬಂಡೆಯ ಮೇಲಿನ ಮಯೂರಶರ್ಮನ ಶಾಸನ. ನಾಲ್ಕನೇ ಶತಮಾನದ್ದು. ಕದಂಬ ರಾಜ್ಯ ಕಟ್ಟಿದವನು ಇಲ್ಲಿ ಕಲ್ಲಲ್ಲಿ ಕೆತ್ತಿಸಿದ್ದು ಒಂದು ಕೆರೆಯ ವಿಷಯ. ಅವ್ವನಿಗೆ ಅದನ್ನು ಹೇಳಿದಾಗ, "ಮತ್ತೇನ್ ಕೆತ್ತಿಸ್ತಾರೆ, ಈ ಕಡೆ ನೀರೇ ದೊಡ್ಡದು" ಅಂದಳು.

ಬಸ್ಸಿಗೆ ಮೊದಲು ಸಂತೆ ಹೊಂಡಕ್ಕೆ ಹೋದೆವು. ಸುತ್ತ ಗಾಡಿಗಳ ಗದ್ದಲ, ನಡುವೆ ನೀರು ಸುಮ್ನೆ ನಿಂತಿತ್ತು.

"ಮೇಲಿನ ನೀರು ಇಲ್ಲಿಗೆ ಬರಾಕೆ ಎಷ್ಟು ಹೊತ್ತು ಬೇಕಜ್ಜಿ?" ಹುಡುಗ ಕೇಳಿದ.

"ನಿಮ್ಮಜ್ಜಿ ಇಳಿಯಾಕೆ ಹಿಡೀತಲ್ಲ, ಅದಕ್ಕಿಂತ ಬೇಗ ಬರ್ತತಿ" ಅಂದಳು ಅವ್ವ. ಕೋಟೆಯ ಕಡೆ ಮೋಡ ಕಟ್ಟಿತ್ತು. ನಾಲ್ಕು ಹನಿ ಬಿದ್ದ ಮೇಲೆ ಸೆರಗು ತಲೆಗೆ ಎಳೆದುಕೊಂಡಳು, ಬಸ್ ಸ್ಟ್ಯಾಂಡ್ ಕಡೆ ಹೆಜ್ಜೆ ಹಾಕಿದೆವು.