ಲೀಸು ಲಾರಿಯ ರಿಪೇರಿ ಖರ್ಚು ಯಾರ ತಲೆಗೆ?

ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ವಾಹನಗಳ ಕಾಗದಪತ್ರ, ವಿಮೆ ಮತ್ತು ಕರಾರುಪತ್ರಗಳ ಕೆಲಸ ಮಾಡಿಕೊಂಡಿರುವ ನನಗೆ ಮಂಜೇಶ್ವರದಿಂದ ಕುಂಬಳೆಯವರೆಗಿನ ಲಾರಿ ಡ್ರೈವರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಲಾರಿ ಅವರ ಹೆಸರಿನಲ್ಲಿದೆ, ಕಂತು ನಾನು ಕಟ್ಟುತ್ತಿದ್ದೇನೆ, ಕ್ಲಚ್ ಪ್ಲೇಟ್ ಹೋದರೆ ದುಡ್ಡು ಯಾರು ಕೊಡಬೇಕು ಮಾರಾಯ್ರೇ?" ಕೇಳುವವರೆಲ್ಲರಿಗೂ ಬಾಯಿಮಾತಿನಲ್ಲಿ ಅರ್ಧ ಉತ್ತರ ಹೇಳಿ ಕಳುಹಿಸುವುದಕ್ಕಿಂತ ಪೂರ್ತಿಯಾಗಿ ಬರೆದಿಡುವುದು ಮೇಲೆಂದು ತೋರಿತು.

ಮೊದಲು ಈ ವ್ಯವಸ್ಥೆ ಏನೆಂಬುದನ್ನು ಹೇಳಬೇಕು. ಗಡಿಯಾಚೆ ಮಂಗಳೂರಿನ ಬೈಕಂಪಾಡಿಯಲ್ಲೋ ಪಣಂಬೂರಿನಲ್ಲೋ ಕಚೇರಿ ಇರುವ ಟ್ರಾನ್ಸ್‌ಪೋರ್ಟ್ ಕಂಪನಿಯೊಂದು ತನ್ನ ಹೆಸರಿನಲ್ಲಿ ನೋಂದಣಿಯಾದ ಲಾರಿಯನ್ನು ಡ್ರೈವರನ ಕೈಗೆ ಕೊಡುತ್ತದೆ. ಅವನು ಒಂದು ಮೊತ್ತವನ್ನು ಠೇವಣಿ ಇಡುತ್ತಾನೆ, ತಿಂಗಳಿಗೆ ಇಷ್ಟೆಂದು ಕಂತು ಒಪ್ಪುತ್ತಾನೆ. ಲೋಡು ಕಂಪನಿಯೇ ಕೊಡುತ್ತದೆ, ಬಾಡಿಗೆಯ ದರವನ್ನೂ ಅದೇ ನಿಗದಿ ಮಾಡುತ್ತದೆ. ಬಂದ ಬಾಡಿಗೆಯಲ್ಲಿ ಡೀಸೆಲ್, ಫಾಸ್ಟ್ಯಾಗ್, ಕಂತು, ರಿಪೇರಿ ಎಲ್ಲವನ್ನೂ ಮುರಿದುಕೊಂಡು ಉಳಿದದ್ದನ್ನು ಡ್ರೈವರನಿಗೆ ಕೊಡುತ್ತಾರೆ. ಉಳಿಯದ ತಿಂಗಳಲ್ಲಿ ಅವನ ಲೆಕ್ಕಕ್ಕೆ ಸಾಲ ಬರೆಯುತ್ತಾರೆ. ಕಂತು ಮುಗಿದ ಮೇಲೆ ಲಾರಿ ನಿನ್ನದೇ ಎಂಬ ಮಾತು ಹೆಚ್ಚಿನ ಕಡೆ ಬಾಯಿಯಲ್ಲಿ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ.

ನನ್ನ ಉತ್ತರ ಇದು: ಲೋಡು ಎಷ್ಟು, ದಾರಿ ಯಾವುದು, ತಲುಪಬೇಕಾದ ಹೊತ್ತು ಯಾವುದು ಎಂಬುದನ್ನು ಯಾರು ತೀರ್ಮಾನಿಸುತ್ತಾರೋ ರಿಪೇರಿಯ ದೊಡ್ಡ ಪಾಲು ಅವರದ್ದೇ ಆಗಬೇಕು. ಡ್ರೈವರನ ಕೈಯಲ್ಲಿರುವುದು ಸ್ಟಿಯರಿಂಗ್ ಮತ್ತು ಗೇರು ಮಾತ್ರ ಆಗಿದ್ದರೆ ಅವನು ಹೊರಬೇಕಾದ ಹೊಣೆಯೂ ಅಷ್ಟಕ್ಕೇ ನಿಲ್ಲಬೇಕು. ಕರಾರಿನಲ್ಲಿ "ಸಮಸ್ತ ರಿಪೇರಿ ವೆಚ್ಚ ಲೀಸುದಾರನದ್ದು" ಎಂಬ ಒಂದು ಸಾಲು ಇದ್ದ ಮಾತ್ರಕ್ಕೆ ವಿಷಯ ಮುಗಿಯಿತೆಂದು ಕಂಪನಿಯವರು ತಿಳಿಯುತ್ತಾರೆ, ಡ್ರೈವರುಗಳೂ ಹಾಗೆಯೇ ತಿಳಿದು ಸುಮ್ಮನಾಗುತ್ತಾರೆ. ಆದರೆ ಕಾನೂನು ಅಷ್ಟು ಸರಳವಾಗಿ ಕಂಪನಿಯ ಪರವಾಗಿಲ್ಲ.

ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕಾಗಿ ಪಡೆದು ಬಳಸಿ ಹಿಂತಿರುಗಿಸುವ ವ್ಯವಹಾರದ ಬಗ್ಗೆ 1872ರ ಕರಾರು ಕಾಯಿದೆಯಲ್ಲಿ 148ನೇ ಕಲಮಿನಿಂದ ಮುಂದೆ ನಿಯಮಗಳಿವೆ. ಅವುಗಳಲ್ಲಿ 150ನೇ ಕಲಮನ್ನು ಪ್ರತಿಯೊಬ್ಬ ಲೀಸು ಡ್ರೈವರನೂ ತಿಳಿದಿರಬೇಕು. ವಸ್ತುವನ್ನು ಬಾಡಿಗೆಗೆ ಕೊಟ್ಟಿದ್ದರೆ, ಅದರಲ್ಲಿರುವ ದೋಷದಿಂದ ಪಡೆದವನಿಗೆ ಆಗುವ ಹಾನಿಗೆ ಕೊಟ್ಟವನೇ ಹೊಣೆ; ದೋಷ ತನಗೆ ಗೊತ್ತಿರಲಿಲ್ಲ ಎಂದು ಅವನು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಇನ್ನೊಂದು ಕಡೆ 151ನೇ ಕಲಮು ಪಡೆದವನ ಮೇಲೂ ಭಾರ ಹಾಕುತ್ತದೆ: ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಅವನು ಅದನ್ನು ನೋಡಿಕೊಳ್ಳಬೇಕು. ಆದ್ದರಿಂದ ಜಗಳದ ತಿರುಳು ಎಂದರೆ, ಹಾಳಾದ ಭಾಗವು ಮೊದಲೇ ಇದ್ದ ದೋಷದಿಂದ ಹಾಳಾಯಿತೋ, ಸಹಜವಾಗಿ ಸವೆಯಿತೋ, ಅಥವಾ ಓಡಿಸುವವನ ಅಜಾಗ್ರತೆಯಿಂದ ಹೋಯಿತೋ ಎಂಬುದು. ಇದನ್ನು ಹೇಳಬಲ್ಲದ್ದು ಬಿಚ್ಚಿದ ಭಾಗವೇ ಹೊರತು ಆಫೀಸಿನಲ್ಲಿ ಕುಳಿತ ಸೂಪರ್‌ವೈಸರ್ ಅಲ್ಲ.

ಕ್ಲಚ್ ಪ್ಲೇಟಿನ ಉದಾಹರಣೆಯನ್ನೇ ನೋಡೋಣ, ಏಕೆಂದರೆ ಶಿರಾಡಿ ಘಾಟಿ ಹತ್ತುವ ಲಾರಿಗಳಲ್ಲಿ ಅತಿ ಹೆಚ್ಚು ತಕರಾರು ಹುಟ್ಟುವುದು ಇದರಿಂದಲೇ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮುಂದಿನ ವಾಹನ ನಿಂತರೆ ಹಿಂದಿನ ಲೋಡು ಲಾರಿಯೂ ಏರಿನಲ್ಲೇ ನಿಲ್ಲಬೇಕು, ಮತ್ತೆ ಏರಿನಲ್ಲೇ ಎತ್ತಬೇಕು. ಡ್ರೈವರ್ ಹಾಫ್ ಕ್ಲಚ್ಚಿನಲ್ಲಿ, ಎಂದರೆ ಪೆಡಲನ್ನು ಅರ್ಧ ಒತ್ತಿ, ಹಿಡಿದದ್ದರಿಂದಲೇ ಪ್ಲೇಟು ಸುಟ್ಟಿತು ಎಂದು ಕಂಪನಿಯವರು ಹೇಳುತ್ತಾರೆ. ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟು ಒತ್ತಿ ಕೂರುವ ಇಂಜಿನ್ನಿನ ಚಕ್ರದ, ಎಂದರೆ ಫ್ಲೈವೀಲಿನ, ಮುಖವನ್ನು ನೋಡಬೇಕು. ಅದರ ಮೇಲೆ ನೀಲಿ ಕಲೆಗಳೂ ಕೂದಲಿನಂಥ ಸಣ್ಣ ಬಿರುಕುಗಳೂ ಇದ್ದು ಪ್ಲೇಟಿನ ಲೈನಿಂಗು ಒಣಗಿ ಕರಕಲಾಗಿದ್ದರೆ ಪ್ಲೇಟು ಜಾರಿ ಜಾರಿ ಕಾದಿದೆ ಎಂದರ್ಥ. ಅದಕ್ಕೆ ಚಾಲನೆ ಕಾರಣವಾಗಿರಬಹುದು, ಹೆಚ್ಚಿನ ಲೋಡೂ ಕಾರಣವಾಗಿರಬಹುದು. ಲೈನಿಂಗು ಎಣ್ಣೆಯಲ್ಲಿ ನೆನೆದು ಮಿರುಗುತ್ತಿದ್ದು, ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಒಳಗೆ ಜಿಡ್ಡು ಕಟ್ಟಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲೋ ಗೇರ್‌ಬಾಕ್ಸಿನ ಸೀಲೋ ಸೋರುತ್ತಿತ್ತು. ಅದು ಡ್ರೈವರನ ಕಾಲಿನ ತಪ್ಪಲ್ಲ. ಲೈನಿಂಗು ಸಮನಾಗಿ ಸವೆದು ರಿವೆಟ್‌ವರೆಗೆ ಬಂದಿದ್ದರೆ ಅದು ತನ್ನ ಆಯುಷ್ಯವನ್ನು ಮುಗಿಸಿದೆ, ಅಷ್ಟೆ. ಈ ವ್ಯತ್ಯಾಸ ಯಾವ ಅನುಭವಸ್ಥ ಮೇಸ್ತ್ರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಹಳೆಯ ಪ್ಲೇಟು ಗುಜರಿಗೆ ಹೋದ ಮೇಲೆ ಬರುವ ಬಿಲ್ಲಿನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಬಿಚ್ಚುವ ಹೊತ್ತಿನಲ್ಲಿ ನೀವು ಅಲ್ಲಿರಬೇಕು, ಫೋಟೋ ತೆಗೆಯಬೇಕು, ಹಳೆಯ ಭಾಗವನ್ನು ಲೆಕ್ಕ ತೀರುವವರೆಗೆ ಇಟ್ಟುಕೊಳ್ಳಬೇಕು.

ಟಯರೂ ಹೀಗೆಯೇ ಸಾಕ್ಷಿ ಹೇಳುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು ಇತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು ಅಥವಾ ಲೋಡು ಮಿತಿ ಮೀರಿತ್ತು. ಮುಂದಿನ ಟಯರಿನ ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟನ್ನೋ ಮುಂದಿನ ಚಕ್ರ ಅತ್ತಿತ್ತ ತಿರುಗಲು ಆಧಾರವಾದ ಕಿಂಗ್ ಪಿನ್ನನ್ನೋ ನೋಡಬೇಕು. ಗಾಳಿ ನೋಡುವುದು ಡ್ರೈವರನ ಕೆಲಸ, ಅದರಲ್ಲಿ ಸಂಶಯವಿಲ್ಲ. ಕಿಂಗ್ ಪಿನ್ ಬದಲಿಸುವುದು ಯಾರ ಲಾರಿಯೋ ಅವರ ಕೆಲಸ. 2020ರ ಏಪ್ರಿಲ್ ನಂತರದ ಬಿಎಸ್ 6 ಲಾರಿಗಳಲ್ಲಿ ಆಡ್‌ಬ್ಲೂ ಎಂಬ ಹೊಸ ತಕರಾರೂ ಸೇರಿಕೊಂಡಿದೆ. ಅದು ಹೊಗೆಯ ಮಾಲಿನ್ಯ ತಗ್ಗಿಸಲು ಬಳಸುವ, ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಇರುವ ದ್ರಾವಣ. ಅಗ್ಗಕ್ಕೆ ಸಿಗುತ್ತದೆಂದು ಕಳಪೆ ಮಾಲು ತುಂಬಿಸಿದರೆ ಸೆನ್ಸರು ಕೆಡುತ್ತದೆ, ಇಂಜಿನ್ ಎಳೆತವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ರಿಪೇರಿಗೆ ಕೈತುಂಬ ಹಣ ಬೇಕು. ಡ್ರೈವರ್ ಎಲ್ಲೆಂದರಲ್ಲಿ ತುಂಬಿಸಿದ್ದರೆ ಅವನದೇ ಹೊಣೆ; ಕಂಪನಿಯೇ ಡ್ರಮ್ಮಿನಲ್ಲಿ ತರಿಸಿ ತುಂಬಿಸಿದ್ದರೆ ಅದನ್ನು ಅವನ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಕಂಪನಿಯವರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಇಂಜಿನ್ ಆಯಿಲಿನ ಮಟ್ಟ ನೋಡದೆ ಓಡಿಸುವವರು, ಡೀಸೆಲ್ ಇಳಿಸಿ ಮಾರುವವರು, ತಾಪಮಾನದ ಮುಳ್ಳು ಕೆಂಪಿಗೆ ಬಂದರೂ ಮುಂದಿನ ಊರಿನವರೆಗೆ ಎಳೆಯುವವರು ನಮ್ಮಲ್ಲೂ ಇದ್ದಾರೆ. ಒಬ್ಬನ ಇಂಥ ನಡತೆಯಿಂದ ಹೆದರಿದ ಮಾಲೀಕ ಉಳಿದವರೆಲ್ಲರ ಕರಾರಿನಲ್ಲೂ ಆ ಒಂದು ಸಾಲನ್ನು ಸೇರಿಸುತ್ತಾನೆ.

ಆದರೆ ಓವರ್‌ಲೋಡಿನ ವಿಷಯದಲ್ಲಿ ಕಂಪನಿಗಳಿಗೆ ಹೇಳಲು ಏನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಮುರಕಲ್ಲು (ಕಟ್ಟಡದ ಕೆಂಪುಕಲ್ಲು) ಸಾಗಿಸುವ ಲಾರಿಗಳ ಸ್ಪ್ರಿಂಗ್ ಪ್ಲೇಟುಗಳು ಯಾಕೆ ಮುರಿಯುತ್ತವೆ ಎಂಬುದು ಎಲ್ಲರಿಗೂ ತಿಳಿದದ್ದೇ. ಮೋಟಾರು ವಾಹನ ಕಾಯಿದೆಯ 194ನೇ ಕಲಮಿನ ಪ್ರಕಾರ 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಈ ಕಲಮು ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಕಾರಣನಾದವನನ್ನೂ ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಲೋಡಿನ ತೂಕದ ಚೀಟಿಯನ್ನು ಕಂಪನಿಯೇ ಕೊಟ್ಟು, ಹೆಚ್ಚಿನ ಟನ್ನಿನ ಬಾಡಿಗೆಯನ್ನೂ ತಾನೇ ಪಡೆದು, ದಂಡವನ್ನೂ ಮುರಿದ ಪ್ಲೇಟನ್ನೂ ಡ್ರೈವರನ ಖಾತೆಗೆ ಬರೆಯುವುದು ಲೆಕ್ಕವಲ್ಲ, ಸುಲಿಗೆ.

ಕೆಲಸದ ಹೊತ್ತಿನ ತಕರಾರು ರಿಪೇರಿಯ ತಕರಾರಿಗಿಂತ ಬೇರೆಯದೆಂದು ಅನೇಕರು ಎಣಿಸುತ್ತಾರೆ. ನನಗೆ ಅವೆರಡೂ ಒಂದೇ ಬೇರಿನವು. ಬಂದರಿನ ಹೊರಗೆ ಅಥವಾ ಕಾರ್ಖಾನೆಯ ಗೇಟಿನಲ್ಲಿ ಹಗಲೆಲ್ಲ ಕಾದ ಲಾರಿಗೆ ಕಾದ ಹೊತ್ತಿಗೆ ಕೊಡುವ ಹಾಲ್ಟಿಂಗ್ ಹಣ ಸಿಗದಿದ್ದರೆ, ಡ್ರೈವರ್ ಆ ನಷ್ಟವನ್ನು ರಾತ್ರಿ ನಿದ್ದೆಗೆಟ್ಟು ಓಡಿಸಿ ತುಂಬಿಸಿಕೊಳ್ಳುತ್ತಾನೆ. ನಿದ್ದೆಗೆಟ್ಟವನ ಕೈಯಲ್ಲಿ ಬ್ರೇಕು, ಕ್ಲಚ್ಚು, ಟಯರು ಎಲ್ಲವೂ ಬೇಗ ಹೋಗುತ್ತವೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನೂ, ಸತತ 5 ಗಂಟೆಯ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಬರೆದಿಟ್ಟಿತ್ತು. 2020ರ ಕಾರ್ಮಿಕ ಸಂಹಿತೆಗಳಲ್ಲಿ ಒಂದು ಆ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ನಮ್ಮವರ ಕೈಗೆ ಬರುವ ಲೀಸು ಲಾರಿಗಳು ಸಾಮಾನ್ಯವಾಗಿ ಹಳೆಯವು, ಅವುಗಳಿಗೆ ಈ ನಿಯಮದಿಂದ ತಂಪೇನೂ ಬರುವುದಿಲ್ಲ.

"ಇವನು ನಮ್ಮ ನೌಕರನಲ್ಲ, ಸ್ವತಂತ್ರ ಲೀಸುದಾರ" ಎಂಬುದು ಕಂಪನಿಯವರು ಎಲ್ಲ ಕಡೆ ಎತ್ತುವ ವಾದ. ಇದಕ್ಕೆ ಹಳೆಯ ಉತ್ತರವೊಂದಿದೆ. ಸೌರಾಷ್ಟ್ರದ ಧ್ರಾಂಗಧ್ರದಲ್ಲಿ ಉಪ್ಪಿನ ಗದ್ದೆಗಳನ್ನು ಹಂಚಿಸಿಕೊಂಡು, ಹೊತ್ತಿನ ಕಟ್ಟಿಲ್ಲದೆ, ಮನೆಮಂದಿಯನ್ನು ಕಟ್ಟಿಕೊಂಡು, ಬೆಳೆದ ಉಪ್ಪಿನ ಅಳತೆಗೆ ತಕ್ಕ ಹಣ ಪಡೆಯುತ್ತಿದ್ದ ಅಗರಿಯಾಗಳನ್ನೂ ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಕಾರ್ಮಿಕರೆಂದು ಒಪ್ಪಿತು. ಕೆಲಸದ ರೀತಿಯ ಮೇಲೆ ಕಂಪನಿಗೆ ಹಿಡಿತವಿದ್ದದ್ದೇ ಅದಕ್ಕೆ ಆಧಾರ. 1978ರಲ್ಲಿ ಕಲ್ಲಿಕೋಟೆಯ ಹಗ್ಗದ ಕಾರ್ಖಾನೆಯೊಂದರ ಪ್ರಕರಣದಲ್ಲಿ, ನಡುವೆ ಗುತ್ತಿಗೆದಾರನಿದ್ದರೂ ಕಾರ್ಮಿಕನ ಹೊಟ್ಟೆಪಾಡಿನ ಮೇಲೆ ನಿಜವಾದ ಹಿಡಿತ ಯಾರದ್ದೆಂದು ತೆರೆ ಸರಿಸಿ ನೋಡಬೇಕೆಂದು ಅದೇ ನ್ಯಾಯಾಲಯ ಹೇಳಿತು. ಲೋಡು, ದರ, ದಾರಿ ಮೂರನ್ನೂ ಕಂಪನಿಯೇ ಹೇಳುವಲ್ಲಿ ಲೀಸು ಡ್ರೈವರನೂ ಈ ತೀರ್ಪುಗಳ ನೆರಳಿನಲ್ಲಿ ನಿಲ್ಲಬಹುದು. ಅಮೆರಿಕದಲ್ಲಿ ಇದೇ ಜಗಳ ಇನ್ನೂ ದೊಡ್ಡದು. ಅಲ್ಲಿ ಡ್ರೈವರನ ಠೇವಣಿಯನ್ನು ಲೀಸು ಮುಗಿದ 45 ದಿನಗಳೊಳಗೆ ಹಿಂತಿರುಗಿಸಬೇಕೆಂದೂ, ಮುರಿದುಕೊಳ್ಳುವ ಪ್ರತಿಯೊಂದು ಖರ್ಚನ್ನೂ ಕರಾರಿನಲ್ಲೇ ಬರೆದಿರಬೇಕೆಂದೂ ನಿಯಮವಿದೆ. ಅಷ್ಟೆಲ್ಲ ನಿಯಮಗಳಿದ್ದರೂ, ಕಂತು ಕಟ್ಟಿ ಲಾರಿ ಪಡೆಯುವ ಈ ಪದ್ಧತಿಯನ್ನೇ ನಿಷೇಧಿಸಬೇಕೆಂದು ಅಲ್ಲಿನ ಸರ್ಕಾರವೇ ನೇಮಿಸಿದ ಕಾರ್ಯಪಡೆ 2025ರ ಜನವರಿಯಲ್ಲಿ ಶಿಫಾರಸು ಮಾಡಿತು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಮೋಟಾರು ವಾಹನ ಕಾಯಿದೆಯಲ್ಲಿ ಮಾಲೀಕ ಯಾರು ಎಂಬುದಕ್ಕೆ ಕೊಟ್ಟ ವಿವರಣೆಯ ಪ್ರಕಾರ, ಲೀಸು ಕರಾರಿನ ವಾಹನಕ್ಕೆ ಆ ಕರಾರಿನಡಿ ಅದನ್ನು ವಶದಲ್ಲಿಟ್ಟುಕೊಂಡವನೂ ಮಾಲೀಕನೆನಿಸುತ್ತಾನೆ. ಎಂದರೆ ಅಪಘಾತವಾದಾಗ ಪರಿಹಾರದ ಹೊಣೆಯನ್ನು ನಿಮ್ಮ ಕಡೆಗೆ ತಳ್ಳಲು ಅದೇ ಕಾಗದ ಸಾಕಾಗಬಹುದು. ಮಾಲೀಕನ ನೌಕರನಾದ ಡ್ರೈವರನಿಗೆ ವಿಮೆಯಲ್ಲಿ ಸಿಗುವ ರಕ್ಷಣೆಯೂ, ನೀವು ನೌಕರನೇ ಅಲ್ಲವೆಂದು ಬರೆದುಕೊಟ್ಟ ಮೇಲೆ, ತಕರಾರಿಗೆ ಬೀಳುತ್ತದೆ. ಸಹಿ ಹಾಕುವ ಮೊದಲು ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡದ ಕಂಪನಿಯ ಲಾರಿ ಬೇಡ.

ಕರಾರು ಇಂಗ್ಲಿಷಿನಲ್ಲಿರುತ್ತದೆ, ನ್ಯಾಯವ್ಯಾಪ್ತಿ ಮಂಗಳೂರು ಎಂದು ಕೊನೆಯಲ್ಲಿ ಬರೆದಿರುತ್ತದೆ. ತಲಪಾಡಿ ಗಡಿ ದಾಟಿ ಕೇಸು ನಡೆಸಲು ಕೂಲಿ ಬಿಟ್ಟು ಓಡಾಡುವುದು ಯಾರಿಂದಲೂ ಆಗದೆಂದು ಬರೆಸಿದವರಿಗೆ ಗೊತ್ತು. ಆದರೆ ಅಪಘಾತದಲ್ಲಿ ಗಾಯಗೊಂಡವರು ಪರಿಹಾರದ ಅರ್ಜಿಯನ್ನು ತಾವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಹಣದ ಲೆಕ್ಕದ ಸಣ್ಣ ಜಗಳಗಳಿಗೆ ತಾಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್ತು ಇದೆ, ಅದಕ್ಕೆ ಕೋರ್ಟು ಶುಲ್ಕವಿಲ್ಲ. ಠೇವಣಿಯನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಂಡೆವು ಎಂದು ಕಂಪನಿ ಹೇಳಿದರೆ ಕರಾರು ಕಾಯಿದೆಯ 74ನೇ ಕಲಮನ್ನು ನೆನಪಿಸಿ: ಕರಾರು ಮುರಿದದ್ದಕ್ಕೆ ಸಿಗುವುದು ನ್ಯಾಯವಾದ ಪರಿಹಾರವೇ ಹೊರತು ಕಾಗದದಲ್ಲಿ ಬರೆದಷ್ಟೂ ಅಲ್ಲ.

ಈಗಾಗಲೇ ಸಹಿ ಹಾಕಿ ಸಿಕ್ಕಿಕೊಂಡು, ಲಾರಿ ಹಿಂತಿರುಗಿಸಬೇಕೆಂದಿರುವವರು ಕೀಲಿಯನ್ನು ಯಾರದೋ ಕೈಗೆ ಕೊಟ್ಟು ಬಸ್ಸು ಹತ್ತಬೇಡಿ. ಕಿಲೋಮೀಟರ್ ರೀಡಿಂಗು, ಪ್ರತಿ ಟಯರಿನ ನಂಬರು, ಸ್ಟೆಪ್ನಿ, ಜಾಕಿ, ಬ್ಯಾಟರಿ, ಟಾರ್ಪಾಲು, ಆರ್‌ಸಿ ಮತ್ತು ಪರ್ಮಿಟ್ಟಿನ ಪ್ರತಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಕೊಟ್ಟವರು ಪಡೆದವರು ಇಬ್ಬರ ಸಹಿ ಮತ್ತು ತಾರೀಕು ಹಾಕಿಸಿ ಒಂದು ಪ್ರತಿ ತನ್ನಿ. ಸಹಿ ಹಾಕಲು ಒಪ್ಪದಿದ್ದರೆ ಅದೇ ವಿವರವನ್ನು ಅಂದೇ ಸ್ಪೀಡ್ ಪೋಸ್ಟಿನಲ್ಲಿ ಕಂಪನಿಗೆ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಲೆಕ್ಕದ ವಿವರವನ್ನೂ ಅದೇ ಕಾಗದದಲ್ಲಿ ಕೇಳಿ, ಕಡಿತ ಮಾಡಿದ ಪ್ರತಿ ರಿಪೇರಿಯ ಬಿಲ್ಲಿನ ಪ್ರತಿ ಬೇಕೆಂದು ಬರೆಯಿರಿ.